ಪುಟ್ಟ ಉಗಿಬಂಡಿಗೆ ದನಿ ಕೂಡಿಸುವ ಬಗೆ

ಡೀಸೆಲ್ ಎಂಜಿನ್ ನಿಂತಲ್ಲೇ ಗುಡುಗಬಲ್ಲದು. ಅದರ ಸದ್ದಿಗೂ ಗಾಲಿಗೂ ನೇರ ನಂಟಿಲ್ಲ. ಉಗಿ ಎಂಜಿನ್ನಿನ ಸಂಗತಿ ಹಾಗಲ್ಲ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ ಚಿಮಣಿಯ ಬುಡದಿಂದ ಮೇಲಕ್ಕೆ ಚಿಮ್ಮಿದಾಗಲೆಲ್ಲ ಒಂದು ಬಡಿತ. ಪಿಸ್ಟನ್ನಿನ ಎರಡೂ ಬದಿಗೆ ಉಗಿ ನುಗ್ಗುತ್ತದೆ, ಎಡಬಲದ ಕ್ರ್ಯಾಂಕುಗಳು 90 ಡಿಗ್ರಿ ಅಂತರದಲ್ಲಿ ಇರುತ್ತವೆ. ಹಾಗಾಗಿ ಎರಡು ಸಿಲಿಂಡರಿನ ಎಂಜಿನ್ನಿನ ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ಬಡಿತ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾವು ಚಿಕ್ಕವರಿದ್ದಾಗ ಕೈ ಆಡಿಸುತ್ತ ಕೂಗಿದ ಚುಕುಬುಕು ಎಂದರೆ ಇದೇ ಲೆಕ್ಕ.

ಈ ಲೆಕ್ಕ ಎಂಜಿನ್ನಿನಿಂದ ಎಂಜಿನ್ನಿಗೆ ಬದಲಾಗುತ್ತದೆ. ಬ್ರಿಟನ್ನಿನ ಎಂಜಿನ್ ವಿನ್ಯಾಸಕ ಗ್ರೆಸ್ಲಿ ರೂಪಿಸಿದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’, ‘ಮಲಾರ್ಡ್’ ಎರಡಕ್ಕೂ ಮೂರು ಸಿಲಿಂಡರ್, ಸುತ್ತಿಗೆ ಆರು ಬಡಿತ. ಇಂಗ್ಲೆಂಡಿನ ಸದರ್ನ್ ರೈಲ್ವೆಯ ‘ಲಾರ್ಡ್ ನೆಲ್ಸನ್’ ವರ್ಗದ ನಾಲ್ಕು ಸಿಲಿಂಡರಿನ ಎಂಜಿನ್ನುಗಳಲ್ಲಿ ಕ್ರ್ಯಾಂಕುಗಳನ್ನು 135 ಡಿಗ್ರಿಗೆ ಕೂಡಿಸಿದ್ದರಿಂದ ಎಂಟು ಬಡಿತ. ಕಿವಿ ಪಳಗಿದವರು ಎಂಜಿನ್ ಕಣ್ಣಿಗೆ ಬೀಳುವ ಮೊದಲೇ ಅದರ ಜಾತಿ ಹೇಳುತ್ತಿದ್ದುದು ಇದರಿಂದಲೇ. ಇಂಥ ಸದ್ದನ್ನು ಅಂಗೈ ಮೇಲೆ ಕೂರುವ ಮಾದರಿ ಎಂಜಿನ್ನಿನಿಂದ ಹೊರಡಿಸುವುದು ಹೇಗೆ ಎಂಬ ಪ್ರಶ್ನೆಗೆ ಮಾದರಿ ರೈಲಿನ ಹವ್ಯಾಸಿಗಳು ಕೊಟ್ಟುಕೊಂಡು ಬಂದ ಉತ್ತರಗಳನ್ನು ಇಲ್ಲಿ ನೋಡೋಣ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಜನ ಸದ್ದು ಹೊರಡಿಸುವ ಡಿಕೋಡರ್ ಎಂಬ ಪುಟ್ಟ ಬಿಲ್ಲೆಯ ಆಯ್ಕೆಯಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಕೆಲಸ ಕೆಡುವುದೂ ಗೆಲ್ಲುವುದೂ ಸ್ಪೀಕರ್ ಕೂರಿಸುವಲ್ಲಿ ಮತ್ತು ಬಡಿತ ಹೊಂದಿಸುವಲ್ಲಿ.

ಪ್ರಯತ್ನಗಳು ಹಳೆಯವು. ಅಮೆರಿಕದ ಲಯೊನೆಲ್ ಕಂಪನಿ 1935ರಲ್ಲೇ ಟೆಂಡರಿನೊಳಗೆ, ಅಂದರೆ ಎಂಜಿನ್ನಿನ ಹಿಂದಿರುವ ಕಲ್ಲಿದ್ದಲಿನ ಗಾಡಿಯೊಳಗೆ, ಪುಟ್ಟ ಮೋಟಾರಿನಿಂದ ಗಾಳಿ ಊದಿಸಿ ಸಿಳ್ಳೆ ಹಾಕಿಸಿತು. 1970ರ ದಶಕದಲ್ಲಿ ಬ್ರಿಟನ್ನಿನ ಹಾರ್ನ್‌ಬಿ ಟೆಂಡರಿನ ಗಾಲಿಯಿಂದಲೇ ಒರಟು ಮೇಲ್ಮೈಯೊಂದನ್ನು ಉಜ್ಜಿಸಿ ಉಸಿರಿನಂಥ ಸದ್ದು ತಂದಿತು. ಅದೇ ಕಾಲಕ್ಕೆ ಅಮೆರಿಕದಲ್ಲಿ ಪಿಎಫ್‌ಎಂ ಎಂಬ ಸಂಸ್ಥೆ ಹಿತ್ತಾಳೆಯ ದುಬಾರಿ ಎಂಜಿನ್ನುಗಳ ಟೆಂಡರಿನಲ್ಲಿ ಸ್ಪೀಕರ್ ಇಟ್ಟು, ಹೊರಗಿನ ಪೆಟ್ಟಿಗೆಯಲ್ಲಿ ಸದ್ದು ಹುಟ್ಟಿಸಿ, ಹಳಿಯ ಮೂಲಕವೇ ಅದನ್ನು ಸ್ಪೀಕರಿಗೆ ಕಳಿಸುವ ವ್ಯವಸ್ಥೆ ಮಾರುತ್ತಿತ್ತು. ಗಾಲಿಯ ಅಚ್ಚಿಗೆ ಸಿಕ್ಕಿಸಿದ ಕ್ಯಾಮ್ ಬಡಿತದ ಹೊತ್ತನ್ನು ತಿಳಿಸುತ್ತಿತ್ತು. ಆ ಕ್ಯಾಮ್ ಇವತ್ತಿಗೂ ಬಳಕೆಯಲ್ಲಿದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗಿನ ದಾರಿ ತೆರೆದದ್ದು ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಲೆನ್ಸ್ ಕಂಪನಿ ರೂಪಿಸಿದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆ 1990ರ ದಶಕದಲ್ಲಿ ಇದಕ್ಕೆ ಮಾನಕ ಹಾಕಿಕೊಟ್ಟಿತು. ಹಳಿಯಲ್ಲಿ ಹರಿಯುವ ವಿದ್ಯುತ್ತೇ ಶಕ್ತಿಯನ್ನೂ ಸಂದೇಶವನ್ನೂ ಹೊತ್ತು ತರುತ್ತದೆ. 58 ಮೈಕ್ರೋಸೆಕೆಂಡಿನ ಮಿಡಿತಗಳ ಜೋಡಿ ‘ಒಂದು’ ಅನಿಸಿಕೊಳ್ಳುತ್ತದೆ, 100 ಮೈಕ್ರೋಸೆಕೆಂಡಿನ ಅಥವಾ ಅದಕ್ಕೂ ಉದ್ದನೆಯ ಜೋಡಿ ‘ಸೊನ್ನೆ’. ಎಂಜಿನ್ನಿನೊಳಗಿನ ಡಿಕೋಡರ್ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಓದಿ ಮೋಟಾರು, ದೀಪ, ಸದ್ದುಗಳನ್ನು ನಡೆಸುತ್ತದೆ. ಹಳಿಯಲ್ಲಿ ಸದಾ ಪೂರ್ತಿ ವೋಲ್ಟೇಜ್ ಇರುವುದರಿಂದ ನಿಂತ ಎಂಜಿನ್ನೂ ಉಸಿರಾಡಬಹುದು, ಪಂಪು ಟಕಟಕ ಅನ್ನಬಹುದು, ಸಲಿಕೆಯಿಂದ ಕಲ್ಲಿದ್ದಲು ಎತ್ತಿ ಹಾಕುವ ಸದ್ದು ಕೇಳಬಹುದು. ಹಳೆಯ ಪದ್ಧತಿಯಲ್ಲಿ ಎಂಜಿನ್ ನಿಂತರೆ ವಿದ್ಯುತ್ತೂ ಇಲ್ಲ, ಸದ್ದೂ ಇಲ್ಲ.

ಡಿಕೋಡರ್ ತಯಾರಕರಲ್ಲಿ ಮೂರು ಹೆಸರು ಮುಖ್ಯ. ಜರ್ಮನಿಯ ಇಎಸ್‌ಯು 1999ರಿಂದ ಲೋಕ್‌ಸೌಂಡ್ ಮಾರುತ್ತಿದೆ. ವಿಯೆನ್ನಾದ ಜಿಮೊ ಮೋಟಾರಿನ ನಯವಾದ ಓಟಕ್ಕೆ ಹೆಸರಾದದ್ದು. ಅಮೆರಿಕದ ಸೌಂಡ್‌ಟ್ರ್ಯಾಕ್ಸ್ ಇರುವುದು ಕೊಲೊರಾಡೊದ ಡುರಾಂಗೊದಲ್ಲಿ, ಅದೇ ಊರಿನಿಂದ ಸಿಲ್ವರ್‌ಟನ್‌ಗೆ ಇಂದಿಗೂ ಉಗಿ ಎಂಜಿನ್ನಿನ ನ್ಯಾರೋ ಗೇಜ್ ರೈಲು ಹೊರಡುತ್ತದೆ. ಇಎಸ್‌ಯು, ಜಿಮೊ ಡಿಕೋಡರುಗಳಿಗೆ ಬೇಕಾದ ಎಂಜಿನ್ನಿನ ಸದ್ದನ್ನು ಕಂಪ್ಯೂಟರಿನಿಂದ ತುಂಬಿಸಬಹುದು, ಅದಕ್ಕೆ ಆಯಾ ಕಂಪನಿಯ ಪ್ರತ್ಯೇಕ ಉಪಕರಣ ಬೇಕು. ಸೌಂಡ್‌ಟ್ರ್ಯಾಕ್ಸ್ ಡಿಕೋಡರಿನಲ್ಲಿ ಸಿಳ್ಳೆ, ಗಂಟೆ, ಬಡಿತಗಳ ದಾಸ್ತಾನು ಮೊದಲೇ ಇರುತ್ತದೆ, ನಾವು ಆರಿಸಿಕೊಂಡರಾಯಿತು. ಹಾರ್ನ್‌ಬಿಯ ಟಿಟಿಎಸ್ ಅಗ್ಗದ್ದು, ಮಕ್ಕಳಿರುವ ಮನೆಗೆ ಸಾಕು. ಲೋಕ್‌ಸೌಂಡಿನ ನಾಲ್ಕನೇ ಪೀಳಿಗೆಯಲ್ಲಿ 32 ಮೆಗಾಬಿಟ್ ಇದ್ದ ನೆನಪಿನ ಜಾಗ ಐದನೆಯದರಲ್ಲಿ 128 ಮೆಗಾಬಿಟ್ ಆಯಿತು, ಧ್ವನಿ 16 ಬಿಟ್ ಆಯಿತು. ಇಲ್ಲಿಗೆ ಡಿಕೋಡರಿನ ಪುರಾಣ ಸಾಕು. ಒಳ್ಳೆಯ ಕಂಪನಿಗಳ ಇವತ್ತಿನ ಡಿಕೋಡರುಗಳಲ್ಲಿ ಯಾವುದೂ ಕೈಕೊಡುವಷ್ಟು ಕಳಪೆಯಲ್ಲ.

ಇನ್ನು ಸ್ಪೀಕರ್. ಸ್ಪೀಕರಿನ ಪೊರೆ ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ತದ್ವಿರುದ್ಧ. 200 ಹರ್ಟ್ಸ್‌ನ ಸದ್ದಿನ ಅಲೆಯುದ್ದ ಸುಮಾರು 1.7 ಮೀಟರ್. ಸ್ಪೀಕರಿನ ಮುಂದಕ್ಕೂ ಹಿಂದಕ್ಕೂ ಇರುವ ಅಂತರ ಕೆಲವೇ ಮಿಲಿಮೀಟರ್. ಅಂದಮೇಲೆ ಎರಡು ಅಲೆಗಳೂ ಅಂಚಿನಲ್ಲೇ ಕೂಡಿಕೊಂಡು ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಕೀರಲು ಸಿರಸಿರ ಮಾತ್ರ. ಪೆಟ್ಟಿಗೆಯಿಲ್ಲದ ಸ್ಪೀಕರ್ ಎಂದರೆ ಕೊಡವಿಲ್ಲದ ವೀಣೆ. ಹಿಂಬದಿಗೆ ಗಾಳಿ ನುಸುಳದ ಪುಟ್ಟ ಪೆಟ್ಟಿಗೆ ಕಟ್ಟಿದರೆ ಅದೇ ಸ್ಪೀಕರಿನಿಂದ ಎದೆಯ ದನಿ ಬರುತ್ತದೆ.

ನಂಬಿಕೆ ಬಾರದಿದ್ದರೆ ಮೇಜಿನ ಮೇಲೆ ಹೀಗೆ ಮಾಡಿ ನೋಡಿ. ಹವ್ಯಾಸಿಗಳು ‘ಶುಗರ್ ಕ್ಯೂಬ್’ ಎಂದು ಕರೆಯುವ, ಮೊಬೈಲ್ ಫೋನಿನ ಸ್ಪೀಕರುಗಳ ಜಾತಿಯ, 11 ಮಿ.ಮೀ. ಅಗಲ 15 ಮಿ.ಮೀ. ಉದ್ದದ ಸ್ಪೀಕರನ್ನು ಡಿಕೋಡರಿಗೆ ಜೋಡಿಸಿ ಸಿಳ್ಳೆ ಹಾಕಿಸಿ. ಕೈಗಡಿಯಾರದ ಅಲಾರಂ ಕೂಗಿದಂತೆ ಕೇಳುತ್ತದೆ. ಈಗ ಒಂದು ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಯಿಂದ ಐದು ಮುಖದ ಡಬ್ಬಿ ಕತ್ತರಿಸಿ ಅಂಟಿಸಿ, ತಂತಿ ಹೊರಬರುವ ತೂತಿಗೆ ಅಂಟು ಬಿಟ್ಟು, ಸ್ಪೀಕರನ್ನು ತೆರೆದ ಆರನೇ ಮುಖಕ್ಕೆ ಕೂರಿಸಿ, ಸುತ್ತ ಮೆತ್ತನೆಯ ಜಿಗುಟು ಹಿಟ್ಟು ಒತ್ತಿ. ಸಿಳ್ಳೆಯಲ್ಲಿ ಎರಡು ಮೂರು ಸ್ವರ ಬೇರೆಬೇರೆಯಾಗಿ ಕೇಳತೊಡಗುತ್ತವೆ. ಮೂಲೆಯಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ದನಿ ಮತ್ತೆ ತೆಳುವಾಗುತ್ತದೆ. ಅಂಟಿನಿಂದ ಮುಚ್ಚಿದರೆ ಮರಳಿ ಬರುತ್ತದೆ. ಡಿಕೋಡರಿಗೆ ಎಷ್ಟು ಹಣ ಸುರಿದರೂ ಈ ಸೂಜಿತೂತಿನ ನಷ್ಟ ತುಂಬುವುದಿಲ್ಲ.

ಗಾತ್ರದ ಮಿತಿ ಇದ್ದೇ ಇದೆ. ಇಷ್ಟು ಪುಟ್ಟ ಪೊರೆ ನಿಜವಾದ ಎಂಜಿನ್ನಿನಂತೆ ನೆಲ ನಡುಗಿಸಲಾರದು. ಆದ್ದರಿಂದ ಜಾಗ ಇರುವಷ್ಟೂ ದೊಡ್ಡ ಸ್ಪೀಕರ್, ಅದಕ್ಕೆ ತಕ್ಕ ಆಳದ ಪೆಟ್ಟಿಗೆ ಎಂಬುದೇ ನಿಯಮ. ಓಮ್ ಲೆಕ್ಕವನ್ನೂ ಮರೆಯಬಾರದು. ಹಳೆಯ ಲೋಕ್‌ಸೌಂಡ್ 3.5ಕ್ಕೆ 100 ಓಮ್ ಸ್ಪೀಕರ್ ಬೇಕಿತ್ತು, ಈಗಿನವು 4ರಿಂದ 8 ಓಮ್ ಕೇಳುತ್ತವೆ. 8 ಓಮ್‌ನ ಎರಡು ಸ್ಪೀಕರುಗಳನ್ನು ಪಕ್ಕಪಕ್ಕ ಜೋಡಿಸಿದರೆ 4 ಓಮ್, ಸಾಲಾಗಿ ಜೋಡಿಸಿದರೆ 16. ಡಿಕೋಡರಿನ ಕನಿಷ್ಠಕ್ಕಿಂತ ಕಡಿಮೆ ಓಮ್ ಕೊಟ್ಟರೆ ಆಂಪ್ಲಿಫೈಯರ್ ಸುಡುತ್ತದೆ. ಹೆಚ್ಚು ಕೊಟ್ಟರೆ ಸದ್ದು ತಗ್ಗುತ್ತದೆ, ಅಷ್ಟೇ.

ಸ್ಪೀಕರ್ ಎಲ್ಲಿ ಇಡಬೇಕು ಎಂಬ ಬಗ್ಗೆ ಹವ್ಯಾಸಿಗಳಲ್ಲಿ ಎರಡು ಪಂಗಡ. ಟೆಂಡರಿನ ಪಂಗಡ ದೊಡ್ಡದು. ಬ್ರಿಟನ್ನಿನ ಈಚಿನ ಡಬಲ್ ಓ ಗಾತ್ರದ, ಅಂದರೆ 1:76 ಅಳತೆಯ ಎಂಜಿನ್ನುಗಳಲ್ಲಿ ಡಿಕೋಡರಿನ ಸಾಕೆಟ್ ಬಹಳಷ್ಟು ಸಲ ಟೆಂಡರಿನಲ್ಲೇ ಇರುತ್ತದೆ, ಕೆಲವದರ ನೆಲದಲ್ಲಿ ಸ್ಪೀಕರಿಗೆಂದೇ ತೂತುಗಳೂ ಇರುತ್ತವೆ. ಕೆಲಸ ಸಲೀಸು, ಜಾಗ ಧಾರಾಳ. ಕೆಳಮುಖ ಮಾಡಿದರೆ ಹಳಿಯ ಹಲಗೆ ತಾಗಿ ಬರುವ ಸದ್ದು ತುಸು ತುಂಬಿಕೊಳ್ಳುತ್ತದೆ. ಮೇಲ್ಮುಖ ಮಾಡುವವರು ಪ್ಲಾಸ್ಟಿಕ್ ಕಲ್ಲಿದ್ದಲಿನ ಗುಡ್ಡೆ ತೆಗೆದು, ತೆಳು ಬಟ್ಟೆ ಹಾಸಿ, ಅದರ ಮೇಲೆ ನಿಜವಾದ ಕಲ್ಲಿದ್ದಲಿನ ಚೂರು ಬಿಡಿಬಿಡಿಯಾಗಿ ಅಂಟಿಸುತ್ತಾರೆ. ನೋಟವೂ ಉಳಿಯಿತು, ಸದ್ದಿಗೂ ದಾರಿಯಾಯಿತು.

ಇನ್ನೊಂದು ಪಂಗಡ ಚಿಮಣಿಯದು. ಸದ್ದು ಹುಟ್ಟುವುದು ಚಿಮಣಿಯಲ್ಲಾದ್ದರಿಂದ ಸ್ಪೀಕರ್ ಕೂಡ ಅದರ ಕೆಳಗಿನ ಸ್ಮೋಕ್‌ಬಾಕ್ಸಿನಲ್ಲೇ ಇರಬೇಕು ಎಂಬುದು ಅವರ ವಾದ. ನನ್ನ ಕಿವಿ ಈ ಪಂಗಡದ ಕಡೆ. ಎಂಜಿನ್ ಹತ್ತಿರ ಬಂದಾಗ ಬಡಿತ ಟೆಂಡರಿನಿಂದ ಹೊರಟರೆ ಕಿವಿ ಮೋಸವನ್ನು ಹಿಡಿದುಬಿಡುತ್ತದೆ. ಚಿಮಣಿಯ ಕೊಳವೆ ಮೂಲಕ ಬಂದರೆ ಅದಕ್ಕೊಂದು ಮೊನಚು, ದಿಕ್ಕು ಸಿಗುತ್ತದೆ. ತೊಡಕೆಂದರೆ ಬಾಯ್ಲರಿನೊಳಗೆ ಎರಕದ ಲೋಹದ ತೂಕ ಇರುತ್ತದೆ. ಅದನ್ನು ಕೊರೆದು ಜಾಗ ಮಾಡಿದಷ್ಟೂ ಗಾಲಿಯ ಹಿಡಿತ ಸಡಿಲಾಗುತ್ತದೆ, ಎಂಟು ಬೋಗಿ ಎಳೆಯುತ್ತಿದ್ದ ಎಂಜಿನ್ ಆರಕ್ಕೇ ಗಾಲಿ ಜಾರಿಸಬಹುದು. ತೆಗೆದ ತೂಕವನ್ನು ಸೀಸದ ಹಾಳೆಯಾಗಿಯೋ ಟಂಗ್‌ಸ್ಟನ್ ಹಿಟ್ಟಾಗಿಯೋ ಕ್ಯಾಬಿನ ಛಾವಣಿಯಡಿ, ನೀರಿನ ಟ್ಯಾಂಕುಗಳೊಳಗೆ ಮರಳಿ ತುಂಬಬೇಕು. ಟೆಂಡರಿಲ್ಲದ ಟ್ಯಾಂಕ್ ಎಂಜಿನ್ನುಗಳಿಗೆ ಬೇರೆ ದಾರಿಯೇ ಇಲ್ಲ: ಬಾಯ್ಲರ್, ಕಲ್ಲಿದ್ದಲಿನ ಬಂಕರ್, ಕ್ಯಾಬಿನ ಛಾವಣಿ, ಈ ಮೂರರಲ್ಲಿ ಒಂದು. 1970, 80ರ ದಶಕದ ಹಾರ್ನ್‌ಬಿಯ ಹಲವು ಎಂಜಿನ್ನುಗಳಲ್ಲಿ ಮೋಟಾರೇ ಟೆಂಡರಿನಲ್ಲಿದೆ. ಅಲ್ಲಿ ಬಾಯ್ಲರ್ ಖಾಲಿ, ಚಿಮಣಿಯ ಪಂಗಡದವರಿಗೆ ಹಬ್ಬ.

ಹಳೆಯ ಎಂಜಿನ್ ಬಿಚ್ಚುವವರು ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಮೋಟಾರಿನ ಎರಡು ಬ್ರಷ್‌ಗಳೂ ಚಾಸಿಯಿಂದಲೂ ಹಳಿಯಿಂದಲೂ ಪೂರ್ತಿ ಬೇರೆಯಾಗಿರಬೇಕು. ಹಳೆಯ ಮೋಟಾರುಗಳಲ್ಲಿ ಒಂದು ಬ್ರಷ್ ಸೀದಾ ಚಾಸಿಗೆ ತಾಗಿರುತ್ತಿತ್ತು. 1980ರ ದಶಕದ ಮೇನ್‌ಲೈನ್ ಎಂಜಿನ್ನುಗಳಲ್ಲಿ ಚಾಸಿಯೇ ಎರಡು ಸೀಳಾಗಿ ಒಂದೊಂದೂ ಒಂದೊಂದು ಹಳಿಯ ವಿದ್ಯುತ್ತು ಹೊರುತ್ತದೆ. ಮೀಟರಿನಲ್ಲಿ ಅಳೆಯದೆ ಡಿಕೋಡರ್ ಜೋಡಿಸಿದರೆ ಮೊದಲ ಕ್ಷಣದಲ್ಲೇ ಹೊಗೆ. ತಂತಿಗಳ ಬಣ್ಣಕ್ಕೆ ಮಾನಕವಿದೆ: ಕೆಂಪು, ಕಪ್ಪು ಹಳಿಗೆ, ಕಿತ್ತಳೆ, ಬೂದು ಮೋಟಾರಿಗೆ, ನೀಲಿ ಎಲ್ಲದಕ್ಕೂ ಸಮಾನವಾದ ಧನ ತುದಿ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ಸ್ಪೀಕರಿಗೆ ಸೌಂಡ್‌ಟ್ರ್ಯಾಕ್ಸ್ ನೇರಳೆ ತಂತಿ ಕೊಡುತ್ತದೆ, ಇಎಸ್‌ಯು ಕಂದು. ಸ್ಪೀಕರಿನ ತಂತಿ ಬೇರೆ ಯಾವುದಕ್ಕೂ ತಾಗಕೂಡದು. ಎಂಜಿನ್ನಿಗೂ ಟೆಂಡರಿಗೂ ನಡುವೆ ಹಾಯುವ ತಂತಿಗಳು ತಿರುವಿನಲ್ಲಿ ಬಾಗಿ ಬಾಗಿ ಒಂದು ದಿನ ತುಂಡಾಗುತ್ತವೆ, ಅದಕ್ಕೆ ಅತಿ ಮೆದು ತಂತಿಯೇ ಬೇಕು.

ಈಗ ಬಡಿತಕ್ಕೆ ಬರೋಣ. ನಮ್ಮ ಬ್ರಾಡ್‌ಗೇಜಿನ ಡಬ್ಲ್ಯುಪಿ ಎಂಜಿನ್ನನ್ನೇ ತೆಗೆದುಕೊಳ್ಳಿ. 1947ರಲ್ಲಿ ಬಂದ, ಗುಂಡು ಮೂಗಿನ ಆ ಎಂಜಿನ್ನಿನ ಚಾಲಕ ಗಾಲಿಯ ವ್ಯಾಸ 1,705 ಮಿ.ಮೀ. ಒಂದು ಸುತ್ತಿಗೆ 5.36 ಮೀಟರ್ ದೂರ, ನಾಲ್ಕು ಬಡಿತ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡು ಬಡಿತ, ಕಿವಿ ಆರಾಮಾಗಿ ಎಣಿಸಬಲ್ಲದು. 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು, ಎಣಿಸುವ ಮಾತಿಲ್ಲ. 1938ರ ಜುಲೈ 3ರಂದು ‘ಮಲಾರ್ಡ್’ ಗಂಟೆಗೆ 126 ಮೈಲಿ ಓಡಿ ಉಗಿ ಎಂಜಿನ್ನಿನ ವಿಶ್ವದಾಖಲೆ ಬರೆದಾಗ ಅದರ ಬಡಿತ ಸೆಕೆಂಡಿಗೆ ಐವತ್ತನ್ನು ದಾಟಿತ್ತು ಎಂದು ಗಾಲಿಯ ಅಳತೆಯಿಂದ ಲೆಕ್ಕ ಸಿಗುತ್ತದೆ, ಅದು ಬಡಿತವಲ್ಲ, ಒಂದೇ ಮೊರೆತ. ಅಂದರೆ ಗಾಲಿಗೂ ಬಡಿತಕ್ಕೂ ತಾಳ ತಪ್ಪಿದ್ದು ಗೊತ್ತಾಗುವುದು ಎಂಜಿನ್ ನಿಲ್ದಾಣ ಬಿಡುವ ಮೊದಲ ಕೆಲವು ಅಡಿಗಳಲ್ಲಿ. ಎಲ್ಲರೂ ಬಾಗಿ ನೋಡುವುದೂ ಆಗಲೇ.

ತಾಳ ಹೊಂದಿಸಲು ಎರಡು ಮಾರ್ಗ. ಒಂದು ಹಳೆಯ ಕ್ಯಾಮಿನದು: ಅಚ್ಚಿನ ಮೇಲೆ ನಾಲ್ಕು ಸಂಪರ್ಕ ಬಿಂದುಗಳು, ಇಲ್ಲವೇ ಪುಟ್ಟ ಅಯಸ್ಕಾಂತಗಳು, ಪಕ್ಕದಲ್ಲಿ ಅದನ್ನು ಗುರುತಿಸುವ ಹಾಲ್ ಸೆನ್ಸರ್. ಬಡಿತ ಎಂದೂ ತಪ್ಪದು, ಆದರೆ ಡಬಲ್ ಓ ಗಾತ್ರದಲ್ಲಿ ಅದನ್ನು ಕೂರಿಸಲು ಗಡಿಯಾರ ರಿಪೇರಿಯವರ ಕೈ ಬೇಕು. ಇನ್ನೊಂದು ಮಾರ್ಗದಲ್ಲಿ ಡಿಕೋಡರ್ ಕ್ಷಣಕಾಲ ವಿದ್ಯುತ್ತು ನಿಲ್ಲಿಸಿ, ತಿರುಗುತ್ತಲೇ ಇರುವ ಮೋಟಾರು ಹಿಮ್ಮುಖವಾಗಿ ಹುಟ್ಟಿಸುವ ವೋಲ್ಟೇಜನ್ನು ಅಳೆದು ವೇಗ ಊಹಿಸುತ್ತದೆ. ಮೋಟಾರಿಗೂ ಗಾಲಿಗೂ ನಡುವಿನ ಹಲ್ಲುಚಕ್ರದ ಅನುಪಾತ ಬದಲಾಗದ್ದರಿಂದ ಬಡಿತದ ಲೆಕ್ಕ ಸಿಗುತ್ತದೆ.

ಹೊಂದಿಸುವುದು ಹೀಗೆ. ಚಾಲಕ ಗಾಲಿಯ ಅಂಚಿಗೆ ಬಿಳಿ ಬಣ್ಣದ ಚುಕ್ಕೆ ಇಡಿ. ಎಂಜಿನ್ನನ್ನು ವೇಗದ ಮೊದಲ ಮೆಟ್ಟಿಲಿನಲ್ಲಿ ಓಡಿಸಿ, ಚುಕ್ಕೆ ಕೆಳಗಿನಿಂದ ಹೊರಟು ಕೆಳಗೆ ಬರುವಷ್ಟರಲ್ಲಿ ಎಷ್ಟು ಬಡಿತ ಎಂದು ಎಣಿಸಿ. ಐದು ಬಂದರೆ ಲೋಕ್‌ಸೌಂಡಿನಲ್ಲಿ ಸಿವಿ 57 ಎಂಬ ಅಂಕಿಯನ್ನು ತಿದ್ದಿ (ಡಿಕೋಡರಿನ ನಡವಳಿಕೆಯನ್ನು ನಿರ್ಧರಿಸುವ ಅಂಕಿಗಳಿಗೆ ಸಿವಿ ಎನ್ನುತ್ತಾರೆ). ನಾಲ್ಕು ಸಿಕ್ಕ ಮೇಲೆ ವೇಗವನ್ನು ಹೆಚ್ಚಿಸಿ ಮತ್ತೆ ಎಣಿಸಿ, ಅಲ್ಲಿ ತಪ್ಪಿದರೆ ಸಿವಿ 58ರಿಂದ ಸರಿಪಡಿಸಿ. ಜಿಮೊದಲ್ಲಿ ಇದೇ ಕೆಲಸಕ್ಕೆ ಸಿವಿ 267, ಸೌಂಡ್‌ಟ್ರ್ಯಾಕ್ಸಿನ ಸುನಾಮಿ ಡಿಕೋಡರಿನಲ್ಲಿ ಸಿವಿ 116. ಮೂರು ಸಿಲಿಂಡರಿನ ಎಂಜಿನ್ ಆದರೆ ಆರಕ್ಕೆ ತನ್ನಿ. ಕಾರ್ಖಾನೆಯಿಂದ ಬಂದ ಅಂಕಿಯನ್ನೇ ನಂಬಿ ಬಿಡುವವರು ಬಹಳ, ಅದಕ್ಕೇ ಎಷ್ಟೋ ದುಬಾರಿ ಎಂಜಿನ್ನುಗಳ ಗಾಲಿ ಒಂದು ಹೇಳಿದರೆ ಬಾಯಿ ಇನ್ನೊಂದು ಹೇಳುತ್ತದೆ.

ಬಡಿತದ ಎಣಿಕೆಯಷ್ಟೇ ಅದರ ತೂಕವೂ ಮುಖ್ಯ. ಏರಿನಲ್ಲಿ ಚಾಲಕ ರೆಗ್ಯುಲೇಟರ್ ತೆರೆದಾಗ ಬಡಿತ ಸಿಡಿಯುತ್ತದೆ, ಇಳಿಜಾರಿನಲ್ಲಿ ಉಗಿ ಮುಚ್ಚಿದಾಗ ಕೂಡುಗೋಲುಗಳ ಠಣಠಣ ಮಾತ್ರ ಉಳಿಯುತ್ತದೆ. ಈಗಿನ ಡಿಕೋಡರುಗಳು ಮೋಟಾರಿನ ಹೊರೆ ಅಳೆದು ಇದನ್ನು ತಾವಾಗಿಯೇ ಬದಲಿಸುತ್ತವೆ. ವೇಗ ಇಳಿಸಿದ ಕೂಡಲೇ ಎಂಜಿನ್ ಗಕ್ಕನೆ ನಿಲ್ಲದೆ ಜಾರುತ್ತ ಸಾಗುವಂತೆ ಸಿವಿ 3, ಸಿವಿ 4 ಎರಡನ್ನೂ ಧಾರಾಳವಾಗಿ ಏರಿಸಿಟ್ಟರೆ ಮಾತ್ರ ಈ ಸೊಗಸು ಕೇಳಸಿಗುತ್ತದೆ.

ಧೂಳಿನ ಹಳಿ ಇದೆಲ್ಲವನ್ನೂ ಒಂದು ಕ್ಷಣದಲ್ಲಿ ಹಾಳುಮಾಡಬಲ್ಲದು. ನಮ್ಮ ಹವೆಯಲ್ಲಂತೂ ಹೇಳಲೇಬೇಕಿಲ್ಲ. ಸಂಪರ್ಕ ಕಣ್ಣುಮಿಟುಕಿಸುವಷ್ಟು ತಪ್ಪಿದರೂ ಸದ್ದು ಕಡಿದುಹೋಗಿ, ಡಿಕೋಡರ್ ಮೊದಲಿನಿಂದ ಶುರು ಮಾಡುತ್ತದೆ. ಇದಕ್ಕೆ ಮದ್ದು ಕೆಪಾಸಿಟರ್. ಇಎಸ್‌ಯುವಿನ ಪವರ್‌ಪ್ಯಾಕ್, ಸೌಂಡ್‌ಟ್ರ್ಯಾಕ್ಸಿನ ಕರೆಂಟ್‌ಕೀಪರ್ ಎಲ್ಲವೂ ಇದೇ. ಕೈಯಾರೆ ಮಾಡುವವರು 25 ವೋಲ್ಟಿನ ಕೆಪಾಸಿಟರಿಗೆ 100 ಓಮ್ ರೆಸಿಸ್ಟರನ್ನೂ ಡಯೋಡನ್ನೂ ಸೇರಿಸುತ್ತಾರೆ. ಆ ರೆಸಿಸ್ಟರ್ ಇಲ್ಲದಿದ್ದರೆ ಒಮ್ಮೆಗೇ ನುಗ್ಗುವ ವಿದ್ಯುತ್ತನ್ನು ನಿಯಂತ್ರಕ ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ಕೈಚೆಲ್ಲುತ್ತದೆ. ಜಾಗ ಸಾಲದೆ ಕೆಪಾಸಿಟರೋ ದೊಡ್ಡ ಸ್ಪೀಕರೋ ಎಂದು ಆರಿಸಬೇಕಾಗಿ ಬಂದರೆ ನಾನು ಕೆಪಾಸಿಟರನ್ನೇ ಆರಿಸುತ್ತೇನೆ. ತುಸು ತೆಳುವಾದ ದನಿಯನ್ನು ಕಿವಿ ಒಪ್ಪಿಕೊಳ್ಳುತ್ತದೆ, ಬಿಕ್ಕುವ ದನಿಯನ್ನು ಒಪ್ಪುವುದಿಲ್ಲ.

ಸದ್ದಿನ ಮಟ್ಟದ ಬಗ್ಗೆ ಒಂದು ಮಾತು. ಡಬಲ್ ಓ ಎಂಜಿನ್ನಿನಿಂದ ಒಂದು ಮೀಟರ್ ದೂರ ನಿಂತರೆ ನಿಜದಲ್ಲಿ 76 ಮೀಟರ್ ದೂರ ನಿಂತ ಹಾಗೆ. ಅಷ್ಟು ದೂರದ ಎಂಜಿನ್ ಮಾತಿಗೆ ಅಡ್ಡಬರುವುದಿಲ್ಲ. ಕಾರ್ಖಾನೆಯ ಮಟ್ಟ ಅಂಗಡಿಯಲ್ಲಿ ಗಿರಾಕಿಯ ಗಮನ ಸೆಳೆಯಲು ಇಟ್ಟದ್ದು. ಲೋಕ್‌ಸೌಂಡಿನಲ್ಲಿ ಸಿವಿ 63, ಜಿಮೊದಲ್ಲಿ ಸಿವಿ 266 ಬಳಸಿ ಅದನ್ನು ಅರ್ಧಕ್ಕಿಂತ ಕೆಳಗೆ ತನ್ನಿ. ಪುಟ್ಟ ಸ್ಪೀಕರ್ ತಗ್ಗಿದ ಮಟ್ಟದಲ್ಲಿ ಒಡೆಯದೆ ಹಾಡುತ್ತದೆ.

ಕೊನೆಯ ಪ್ರಶ್ನೆ, ಒಳಗೆ ತುಂಬುವ ಸದ್ದು ಯಾರದು? ಬ್ರಿಟನ್ನಿನಲ್ಲಿ ಪೀಟರ್ ಹ್ಯಾಂಡ್‌ಫರ್ಡ್ 1950ರ ದಶಕದಿಂದಲೇ ಉಗಿಬಂಡಿಗಳ ಸದ್ದನ್ನು ಧ್ವನಿಮುದ್ರಿಸಿಟ್ಟರು. ಮುಂದೆ ‘ಔಟ್ ಆಫ್ ಆಫ್ರಿಕಾ’ ಚಿತ್ರದ ಧ್ವನಿಗೆ ಆಸ್ಕರ್ ಪಡೆದವರು ಅವರೇ. ಅಮೆರಿಕದಲ್ಲಿ ಛಾಯಾಗ್ರಾಹಕ ವಿನ್‌ಸ್ಟನ್ ಲಿಂಕ್ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲುಗಳ ದನಿ ಹಿಡಿದರು. ಬ್ರಿಟಿಷ್ ರೈಲಿನ ಉಗಿ ಓಟ 1968ರ ಆಗಸ್ಟಿನಲ್ಲಿ ಮುಗಿದರೂ ಅಲ್ಲಿ ಪಾರಂಪರಿಕ ಮಾರ್ಗಗಳಲ್ಲಿ ನೂರಾರು ಎಂಜಿನ್ನುಗಳು ಉಳಿದುಕೊಂಡವು, ಡಿಕೋಡರಿನ ಸದ್ದು ತಯಾರಿಸುವವರು ಅವುಗಳ ಪಕ್ಕ ಮೈಕು ಹಿಡಿದು ನಿಲ್ಲುತ್ತಾರೆ. ಡಿಕೋಡರಿಗೆ ಇಡೀ ಓಟದ ಮುದ್ರಣ ಕೆಲಸಕ್ಕೆ ಬರುವುದಿಲ್ಲ, ಒಂದೊಂದು ಬಡಿತವನ್ನೂ ಬಿಡಿಬಿಡಿಯಾಗಿ ಕತ್ತರಿಸಿ ಕೊಡಬೇಕು.

ನಮ್ಮ ಎಂಜಿನ್ನುಗಳಿಗೆ ಇಂಥ ಆರೈಕೆ ಬೇಕಾಗಿದೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1979ರಿಂದ ಹಳೆಯ ಎಂಜಿನ್ನುಗಳನ್ನು ಮುಟ್ಟಿ ನೋಡಬಹುದು, ಆದರೆ ಅವುಗಳ ದನಿ ಕೇಳುವಂತಿಲ್ಲ. ದನಿ ಉಳಿದಿರುವ ಕಡೆ ನೀಲಗಿರಿ. ಮೆಟ್ಟುಪಾಳಯಂನಿಂದ ಕೂನೂರಿಗೆ ಏರುವ ಎಕ್ಸ್ ವರ್ಗದ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಕೆಳಗಿನ ಎರಡು ಗಾಲಿಗಳನ್ನು ನಡೆಸುತ್ತವೆ, ಅಲ್ಲಿ ದುಡಿದ ಉಗಿ ಮೇಲಿನ ಎರಡಕ್ಕೆ ಹೋಗಿ ಹಲ್ಲುಹಳಿಯ ಚಕ್ರವನ್ನು ತಿರುಗಿಸಿ ಆಮೇಲೆ ಚಿಮಣಿ ಸೇರುತ್ತದೆ. ಹಾಗಾಗಿ ಹಲ್ಲುಹಳಿಯ ಮೇಲೆ ಕೇಳುವ ಬಡಿತಕ್ಕೂ ಕಣ್ಣಿಗೆ ಕಾಣುವ ಗಾಲಿಯ ಸುತ್ತಿಗೂ ಸಾಮಾನ್ಯ ಎಂಜಿನ್ನಿನ ನಾಲ್ಕರ ಲೆಕ್ಕ ಹೊಂದುವುದಿಲ್ಲ. ಪರದೇಶದ ಯಾವ ಎಂಜಿನ್ನಿನ ಮುದ್ರಣವನ್ನು ತಂದು ಇದರ ಮಾದರಿಗೆ ತುಂಬಿದರೂ ಅದು ಎರವಲಿನ ಗಂಟಲೇ. ಡಬ್ಲ್ಯುಪಿ ದನಿಗೆ ಹರಿಯಾಣದ ರೇವಾಡಿ ಶೆಡ್ಡಿಗೆ ಹೋಗಬೇಕು.

ನೀಲಗಿರಿಗೋ ರೇವಾಡಿಗೋ ಹೋಗುವವರು ಒಳ್ಳೆಯ ರೆಕಾರ್ಡರ್ ಒಯ್ಯಿರಿ. ರೈಲಿನೊಳಗೆ ಕೂರಬೇಡಿ, ನಿಲ್ದಾಣದ ಹೊರತುದಿಯಲ್ಲಿ, ಜನರ ಮಾತು ಬೀಳದ ಕಡೆ, ಎಂಜಿನ್ನಿನಿಂದ ಸುರಕ್ಷಿತ ದೂರದಲ್ಲಿ ನಿಲ್ಲಿ. ಮೈಕಿಗೆ ಗಾಳಿ ತಡೆಯುವ ತುಪ್ಪುಳದ ಹೊದಿಕೆ ಹಾಕಿ. ಎಂಪಿ3 ಬೇಡ, ವೇವ್ ಕಡತವೇ ಇರಲಿ. ಎಂಜಿನ್ ಸುಮ್ಮನೆ ನಿಂತಾಗಿನ ಉಸಿರಾಟ ಐದು ನಿಮಿಷ, ಹೊರಡುವಾಗಿನ ಮೊದಲ ಬಡಿತಗಳು, ಸಿಳ್ಳೆ ಗಿಡ್ಡದ್ದೊಂದು ಉದ್ದದ್ದೊಂದು, ಬ್ರೇಕಿನ ಕಿರುಚು: ಇಷ್ಟು ಸಿಕ್ಕರೆ ಒಂದು ಡಿಕೋಡರಿಗೆ ಬೇಕಾದ ಸಾಮಗ್ರಿ ಆಯಿತು. ಕಡತದ ಹೆಸರಿನಲ್ಲಿ ಎಂಜಿನ್ ಸಂಖ್ಯೆ, ಸ್ಥಳ, ದಿನಾಂಕ ಬರೆದು ಇಡಿ.